ಅಕ್ಕ ತಂದಿದ್ದ ಹೆಸರು

ಕಡಲೆ, ಜೋಳ, ಗೋದಿ ಈ ಮೂರನ್ನೂ ಹಿಂದಿನ ದಿನವೇ ನೆನೆಹಾಕಿ, ಬೆಳಿಗ್ಗೆ ಒಂದು ಹಿಡಿ ಉಪ್ಪು ಬೆರೆಸಿ ದೊಡ್ಡ ಪಾತ್ರೆಯಲ್ಲಿ ಕುದಿಸಿದರೆ ಮನೆಯ ತುಂಬ ಒಂದು ಬೆಚ್ಚನೆಯ ವಾಸನೆ ಹಬ್ಬುತ್ತದೆ. ಅದಕ್ಕೆ ಗುಗ್ಗರಿ ಎನ್ನುತ್ತೇವೆ. ನಮ್ಮ ನಿಲಂಗಾ, ಔರಾದ ಶಹಾಜನಿಯ ಕಡೆ ನೀವು ಯಾವಾಗಲಾದರೂ ಬಂದು, ಯಾವುದಾದರೂ ಮನೆಯ ಮುಂದೆ ಹಾಯುವಾಗ ಆ ವಾಸನೆ ಮೂಗಿಗೆ ತಾಗಿದರೆ ಸಂಕೋಚಪಡದೆ ಒಳಗೆ ಹೋಗಿ ಕೈಯೊಡ್ಡಿ. ಆ ಮನೆಯಲ್ಲಿ ಅಂದು ಒಂದು ಕೂಸಿಗೆ ಹೆಸರಿಡುತ್ತಿದ್ದಾರೆ. ನೀವು ಯಾರು, ಎಲ್ಲಿಯವರು ಎಂದು ಯಾರೂ ಕೇಳುವುದಿಲ್ಲ. ಬೊಗಸೆ ತುಂಬ ಗುಗ್ಗರಿ ಹಾಕಿ ಕೂಸಿನ ಹೆಸರು ಹೇಳುತ್ತಾರೆ. ಅಷ್ಟು ಜನರ ಬಾಯಲ್ಲಿ ಆ ಹೆಸರು ಆಡಲಿ ಎಂಬುದೇ ಅದರ ಉದ್ದೇಶ.

ನನಗೆ ಮಾತ್ರ ಆ ವಾಸನೆ ಬಂದಾಗಲೆಲ್ಲ ಎರಡು ಬಗೆಯಾಗುತ್ತದೆ. ಮೊದಲು ಎದೆಯಲ್ಲಿ ಒಂದು ಹಿಗ್ಗು ಎದ್ದು ನಿಲ್ಲುತ್ತದೆ, ಮರುಗಳಿಗೆಯಲ್ಲಿ ಅದರ ಪಕ್ಕದಲ್ಲಿಯೇ ಒಂದು ನಾಚಿಕೆ ಬಂದು ಕೂತುಕೊಳ್ಳುತ್ತದೆ. ಈಗಿನ ಹುಡುಗಿಯರು, ನನ್ನ ಮೊಮ್ಮಕ್ಕಳೂ ಸೇರಿದಂತೆ, ಮಕ್ಕಳಿಗೆ ಹಳೆಯ ಹೆಸರು ಬೇಕು, ಇಡೀ ಶಾಲೆಯಲ್ಲಿ ಇನ್ನೊಬ್ಬರಿಗೆ ಇರದ ಹೆಸರು ಬೇಕು ಎಂದು ಹುಡುಕಾಡುವುದನ್ನು ಕಂಡಾಗ ನನಗೆ ಎಷ್ಟು ಸಂತೋಷವಾಗುತ್ತದೆ ಎಂದು ಹೇಳಲಾರೆ. ನನ್ನ ಕೈಗೆ ಅಂಥದೊಂದು ಹೆಸರು ತಾನಾಗಿ ಬಂದಿತ್ತು. ಅದು ಮನೆಯ ಹೊಸ್ತಿಲು ದಾಟಿ ಒಳಗೆ ಬಾರದಂತೆ ನಾನು ಬಾಗಿಲು ಹಾಕಿದ್ದೆ. ಗೆಳೆಯರೆಂದು ತಿಳಿದು ಅದನ್ನು ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಪೊಲೀಸ್ ಕಾರ್ಯಾಚರಣೆ ಮುಗಿದು ಕೆಲವು ವರ್ಷಗಳಾಗಿದ್ದವು. ಹೈದರಾಬಾದ ರಾಜ್ಯ ಒಡೆದು ಮೂರು ಪಾಲಾಗಿ ಆಗಷ್ಟೇ ತಿಂಗಳೊಂದು ಕಳೆದಿತ್ತು. ನಮ್ಮ ಊರು ಮುಂಬಯಿ ರಾಜ್ಯಕ್ಕೆ ಹೋಯಿತು. ಮಾಂಜ್ರಾ ಹೊಳೆಯಾಚೆ ಭಾಲ್ಕಿಯ ಕಡೆಗಿರುವ ನನ್ನ ಅಕ್ಕನ ಊರು ಮೈಸೂರಿಗೆ ಹೋಯಿತು. ಹೋಯಿತು ಎಂದರೆ ಎಲ್ಲಿಗೂ ಹೋಗಲಿಲ್ಲ. ಅದೇ ಬೇವಿನ ಮರ, ಅದೇ ಬಾವಿ, ಅದೇ ಎಮ್ಮೆಗಳು. ಆದರೆ ಜನರ ಮಾತಿನಲ್ಲಿ ಮಾತ್ರ ಹೊಳೆ ಒಮ್ಮೆಲೇ ಅಗಲವಾಗಿಬಿಟ್ಟಿತು. ನಾನು ನಿಜಾಮನ ಕಾಲದಲ್ಲಿ ಉದಗೀರದಲ್ಲಿ ಉರ್ದುವಿನಲ್ಲಿ ಮೆಟ್ರಿಕ್ ಓದಿದವನು, ಈಗ ಊರಿನ ಶಾಲೆಯಲ್ಲಿ ಮರಾಠಿ ಕಲಿಸುತ್ತಿದ್ದೆ, ಮನೆಯಲ್ಲಿ ಕನ್ನಡದಲ್ಲಿ ಜಗಳವಾಡುತ್ತಿದ್ದೆ. ಇಪ್ಪತ್ತಾರರ ವಯಸ್ಸು. ಲೋಕವೆಲ್ಲ ಹೊಸದಾಗುತ್ತಿದೆ, ನಾನೂ ಆಗಬೇಕು ಎಂಬ ತವಕ. ಹೊಸ ಭೂಪಟವನ್ನು ಶಾಲೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದವನು ನಾನೇ.

ಅದೇ ಚಳಿಗಾಲದಲ್ಲಿ, ಮದುವೆಯಾಗಿ ಏಳು ವರ್ಷದ ಮೇಲೆ, ನಮಗೆ ಹೆಣ್ಣು ಕೂಸು ಹುಟ್ಟಿತು. ನನ್ನ ಹೆಂಡತಿ ಪಾರ್ವತಿಗೆ ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಚಿಕ್ಕಪ್ಪನ ಹೆಂಡತಿ, ನಮ್ಮ ಚಿಕ್ಕಮ್ಮ, ಎಲ್ಲವನ್ನೂ ನೋಡಿಕೊಂಡಳು. ಏಳು ವರ್ಷ ಖಾಲಿಯಿದ್ದ ಮನೆಯಲ್ಲಿ ಒಂದು ಕೂಸು ಅಳತೊಡಗಿದರೆ ಹೇಗಿರುತ್ತದೆ ಎಂಬುದನ್ನು ಅನುಭವಿಸಿದವರೇ ಬಲ್ಲರು. ನಾನು ಶಾಲೆಗೆ ಹೋಗುವ ದಾರಿಯಲ್ಲಿ ಅರ್ಧಕ್ಕೆ ತಿರುಗಿ ಮನೆಗೆ ಬಂದು, ಬಾಣಂತಿಯ ಕೋಣೆಯ ಬಾಗಿಲಲ್ಲಿ ನಿಂತು, ಏನೋ ಮರೆತವನಂತೆ ನಟಿಸಿ, ಕೂಸಿನ ಮುಖ ನೋಡಿ ಹೋಗುತ್ತಿದ್ದೆ. ಚಿಕ್ಕಮ್ಮ ನಗುತ್ತಿದ್ದಳು. "ಏನ ಮರ್ತೀದಿ ಮಾಸ್ತರ? ದಿನಾ ಅದನೇ ಮರಿತೀದಿ ನೋಡು."

ಇನ್ನು ಹೆಸರಿನ ಮಾತು. ನಮ್ಮ ಕಡೆ ಕೂಸಿಗೆ ಹೆಸರಿಡುವ ಹಕ್ಕು ತಂದೆಯದೂ ಅಲ್ಲ, ತಾಯಿಯದೂ ಅಲ್ಲ. ತಂದೆಯ ಅಕ್ಕನದು ಇಲ್ಲವೆ ತಂಗಿಯದು, ಅಂದರೆ ಕೂಸಿನ ಸೋದರತ್ತೆಯದು. ಹನ್ನೆರಡನೆಯ ದಿನ ತೊಟ್ಟಿಲ ಮುಂದೆ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಊದಿ ಆಕೆ ಯಾವ ಹೆಸರನ್ನು ಹೇಳುತ್ತಾಳೋ ಅದೇ ಹೆಸರು. ಹೇಳಿದ ಕ್ಷಣವೇ ಸುತ್ತ ನಿಂತ ಹೆಂಗಸರು ಆಕೆಯ ಬೆನ್ನಿಗೆ ಧಬಧಬ ಗುದ್ದುತ್ತಾರೆ. ಯಾಕೆ ಗುದ್ದುತ್ತಾರೆ ಎಂದು ಯಾರಿಗೂ ಗೊತ್ತಿಲ್ಲ, ಯಾರೂ ಕೇಳಿದ್ದಿಲ್ಲ. ಆ ಗುದ್ದು ತಿನ್ನುವುದಕ್ಕಾಗಿಯೇ ಸೋದರತ್ತೆಯರು ಹತ್ತು ಹರದಾರಿ ನಡೆದು ಬರುತ್ತಾರೆ. ಆದರೆ ಎಷ್ಟೇ ಹತ್ತಿರವಿದ್ದರೂ ಕರೆಯದೆ ಬರುವ ಹಾಗಿಲ್ಲ. ತಮ್ಮ ತಾನೇ ಹೋಗಿ, ಸೀರೆ ಕೊಟ್ಟು, ಬಾ ಅಕ್ಕಾ ಎಂದು ಕರೆತರಬೇಕು.

ನನಗಿದ್ದದ್ದು ಒಬ್ಬಳೇ ಅಕ್ಕ, ಗೌರಮ್ಮ. ನನಗಿಂತ ಹತ್ತು ವರ್ಷ ದೊಡ್ಡವಳು. ನಮ್ಮ ತಾಯಿ ಬೇಗ ತೀರಿಕೊಂಡದ್ದರಿಂದ ನಮ್ಮಿಬ್ಬರನ್ನೂ ಬೆಳೆಸಿದವಳು ತಂದೆಯ ತಾಯಿ. ಆಕೆಯನ್ನು ಆಯಿ ಎಂದು ಕರೆಯುತ್ತಿದ್ದೆವು. ಈಗ ತಂದೆಯೂ ಇರಲಿಲ್ಲ, ಆಯಿಯೂ ಇರಲಿಲ್ಲ.

ಕೂಸು ಹುಟ್ಟಿದ ನಾಲ್ಕನೆಯ ದಿನ ಬಳೆಗಾರ ಇಮಾಮಚಾಚಾ ನಮ್ಮ ಕಟ್ಟೆಯ ಮೇಲೆ ಬಳೆಯ ಮಲಾರ ಇಳಿಸಿ ಕುಳಿತ. ಹೊಳೆಯ ಎರಡೂ ದಂಡೆಯ ಊರುಗಳಲ್ಲಿ ತಿರುಗುವವನು ಅವನು. ಬಳೆಯ ಜೊತೆಗೆ ಸುದ್ದಿಯನ್ನೂ ಕೈಗೆ ಸರಿಯಾಗಿ ತೊಡಿಸುತ್ತಿದ್ದ.

"ಮಾಸ್ತರ, ನಿಮ್ಮ ಅಕ್ಕಾಗ ಸುದ್ದಿ ಮುಟ್ಟಿಸೀನ್ರಿ. ಕುಣಿಯೋದೊಂದು ಬಾಕಿ ಇತ್ತು ನೋಡ್ರಿ. ಹೆಸರ ಸುದ್ದಾ ತಯ್ಯಾರ ಅದಾ ಅಂತ."

"ಏನ್ ಹೆಸರಂತ ಚಾಚಾ?"

"ನಿಮ್ಮ ಆಯೀದ್ರಿ. ನಿಂಬೆಮ್ಮ."

ಅವನು ಸಂತೋಷದಿಂದ ಹೇಳಿದ. ನಿಂಬೆಮ್ಮ. ಹೊಸ ರಾಜ್ಯ, ಹೊಸ ಭೂಪಟ, ನಾನೋ ಮಾಸ್ತರ, ನನ್ನ ಮಗಳು ನಿಂಬೆಮ್ಮ. ಶಾಲೆಯಲ್ಲಿ ಹಾಜರಿ ಕೂಗುವಾಗ ಹುಡುಗರೆಲ್ಲ ಲಿಂಬೂ, ಉಪ್ಪಿನಕಾಯಿ ಎಂದು ಬಾಯಿ ಚಪ್ಪರಿಸುವುದು ಕಣ್ಣಿಗೆ ಕಟ್ಟಿತು. ನಾನು ಆಗಲೇ ಇನ್ನೊಂದು ಹೆಸರನ್ನು ಮನಸ್ಸಿನಲ್ಲಿ ಆರಿಸಿಟ್ಟುಕೊಂಡಿದ್ದೆ. ನಮ್ಮ ಹೆಡ್ಮಾಸ್ತರರ ಮನೆಗೆ ಬರುತ್ತಿದ್ದ ಒಂದು ಮರಾಠಿ ಮಾಸಿಕದ ಕಥೆಯಲ್ಲಿ ಸ್ನೇಹಲತಾ ಎಂಬ ಹುಡುಗಿ ಇದ್ದಳು. ಸೈಕಲ್ ಹೊಡೆಯುತ್ತಿದ್ದಳು, ಕನ್ನಡಕ ಹಾಕಿಕೊಂಡು ಪುಸ್ತಕ ಓದುತ್ತಿದ್ದಳು. ನನ್ನ ಮಗಳು ಆಕೆಯಂತಾಗಬೇಕು. ಹೆಸರಿಟ್ಟರೆ ಸೈಕಲ್ ತಾನಾಗಿ ಬರುತ್ತದೆ ಎಂದೇ ಆಗ ನಂಬಿದ್ದೆನೋ ಏನೋ.

ಅಕ್ಕನ ಮುಂದೆ ಹೋಗಿ, ಈ ಹೆಸರು ಬೇಡ ಎಂದು ಹೇಳಬಹುದಿತ್ತು. ಅದು ನೇರ ದಾರಿ. ಆದರೆ ಸೋದರತ್ತೆಗೆ ಹಾಗೆ ಹೇಳಿದವರು ನಮ್ಮ ಕಡೆ ಒಬ್ಬರೂ ಇಲ್ಲ. ಅದೂ ಅಲ್ಲದೆ ಆ ಹೆಸರು ನನ್ನನ್ನು ಸಾಕಿದ ಮುದುಕಿಯದು. ಬೇಡ ಎನ್ನಲು ನನಗೆ ಬಾಯಿ ಇರಲಿಲ್ಲ, ಇಟ್ಟುಕೊಳ್ಳಲು ಮನಸ್ಸಿರಲಿಲ್ಲ. ಬಾಯಿಯೂ ಮನಸ್ಸೂ ಇಲ್ಲದವನು ಮಾಡುವ ಕೆಲಸವನ್ನೇ ನಾನು ಮಾಡಿದೆ.

"ಅಕ್ಕಾಗ ಕರಿಲಾಕ ಯಾವತ್ತ ಹೋಗ್ತೀರ್ರಿ?" ಎಂದು ಪಾರ್ವತಿ ಕೋಣೆಯೊಳಗಿಂದ ಕೇಳಿದಳು.

"ಸಾಲಿ ತಪಾಸಣಿ ಅದಾ. ಕಾರ್ಡ ಹಾಕ್ತೀನಿ."

"ಸೋದರತ್ತಿಗಿ ಕಾರ್ಡ ಹಾಕಿ ಕರಿತಾರೇನ್ರಿ? ಮಂದಿ ಏನಂದಾರು?"

"ಕಾಲ ಬದಲಾಗೇದ" ಎಂದೆ. ಕಾಲದ ಮೇಲೆ ಹೊರಿಸಿದ ಮೊದಲ ಸುಳ್ಳು ಅದು.

ಕಾರ್ಡು ಬರೆದದ್ದು ನಿಜ. ದುಂಡಗಿನ ಅಕ್ಷರದಲ್ಲಿ, ಇಂಥ ದಿನ ಹೆಸರಿಡುವುದು, ತಪ್ಪದೆ ಬರಬೇಕು ಎಂದು ಬರೆದು ಪಾರ್ವತಿಗೂ ಓದಿ ಹೇಳಿದೆ. ಟಪ್ಪಾಲಿಗೆ ಹಾಕಿ ಬರುತ್ತೇನೆಂದು ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೊರಟು, ಹಿತ್ತಲಿಗೆ ಹೋಗಿ, ಬಾಣಂತಿಗೆ ನೀರು ಕಾಯುತ್ತಿದ್ದ ಒಲೆಯೊಳಗೆ ಅದನ್ನು ಸೇರಿಸಿದೆ. ಒಂದು ಕಾರ್ಡು ಸುಡಲು ಎಷ್ಟು ಹೊತ್ತು ಬೇಕು? ಅದರ ಮೇಲಿದ್ದ ಅಕ್ಕನ ಹೆಸರು ಮಾತ್ರ ಮಸಿಯಾಗುವ ಮೊದಲು ಒಂದು ಗಳಿಗೆ ಕೆಂಪಗೆ ಬೆಳಗಿದ್ದು ನನಗೆ ಈಗಲೂ ಕಾಣುತ್ತದೆ.

ಹನ್ನೆರಡನೆಯ ದಿನ ಬಂತು. ಎಂಥ ದಿನವದು. ಬೆಳಿಗ್ಗೆಯಿಂದ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ತೊಲೆಯ ಕೊಂಡಿಗೆ ಬಣ್ಣದ ತೊಟ್ಟಿಲು ಬಿದ್ದಿತ್ತು. ಅದರ ನಾಲ್ಕು ಮೂಲೆಗೂ ಚೆಂಡುಹೂವು. ಗುಂಡುಕಲ್ಲಿಗೆ ಟೊಪ್ಪಿಗೆ ಹಾಕಿ ಕೂಸಿನಂತೆ ಸಿಂಗರಿಸಿ ಹೆಂಗಸರು ತೊಟ್ಟಿಲ ಕೆಳಗಿಂದ ಮೇಲಿಂದ ಒಬ್ಬರ ಕೈಯಿಂದ ಒಬ್ಬರು ದಾಟಿಸುತ್ತ ಹಾಡುತ್ತಿದ್ದರು. ಅದರ ನಡುವೆ ಎಲ್ಲರೂ ಒಂದಲ್ಲ ಒಂದು ಸಲ ಬಾಗಿಲ ಕಡೆಗೆ ನೋಡುತ್ತಿದ್ದರು. ಗೌರಮ್ಮ ಇನ್ನೂ ಬಂದಿಲ್ಲವಲ್ಲ? ಮುಹೂರ್ತ ಮೀರುತ್ತದೆ ಎಂದು ಅವಸರ ಮಾಡಿದವನು ನಾನು. ಅಕ್ಕನಿಲ್ಲದಿದ್ದರೆ ಚಿಕ್ಕಪ್ಪನ ಮಗಳು, ನನ್ನ ತಂಗಿಯ ವರಸೆಯ ಸರಸು ಇದ್ದಾಳಲ್ಲ ಎಂದೆ. ಸರಸು ಹದಿನಾರರ ಹುಡುಗಿ, ಹಿಗ್ಗಿನಿಂದ ಕೆಂಪಾದಳು. ಹೆಸರನ್ನು ನಾನು ಆಕೆಗೆ ಬೆಳಿಗ್ಗೆಯೇ ಬಾಯಿಪಾಠ ಮಾಡಿಸಿದ್ದೆ.

ಆಕೆ ಬಗ್ಗಿದಳು. ಕುರ್ರ್ ಎಂದಳು. ಸ್ನೇಹಲತಾ ಎಂದಳು. ಗುದ್ದುಗಳು ಬಿದ್ದವು, ನಗೆ ಎದ್ದಿತು, ಸರಸು ಅಯ್ಯಯ್ಯೋ ಎನ್ನುತ್ತ ತಪ್ಪಿಸಿಕೊಂಡು ಓಡಿದಳು. ನನ್ನ ಸಂತೋಷಕ್ಕೆ ಮೇರೆಯಿರಲಿಲ್ಲ. ಆ ಸಂತೋಷ ಸುಳ್ಳಲ್ಲ ಎಂಬುದನ್ನೂ ನಿಮಗೆ ಹೇಳಬೇಕು. ಕಳ್ಳತನದಿಂದ ತಂದ ಹಣ್ಣೂ ಬಾಯಿಗೆ ಸಿಹಿಯಾಗಿಯೇ ಇರುತ್ತದೆ.

ಗುಗ್ಗರಿಯ ಬುಟ್ಟಿ ಇನ್ನೂ ಎತ್ತಿರಲಿಲ್ಲ, ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಹೊಳೆ ದಾಟಿ ಬಂದಿದ್ದರಿಂದ ಸೀರೆಯ ಅಂಚು ಮೊಳಕಾಲಿನವರೆಗೆ ಒದ್ದೆಯಾಗಿತ್ತು. ಬಗಲಲ್ಲಿ ಒಂದು ಗಂಟು. ಕರೆಯದೆ ಬರಬಾರದ ಮನೆಗೆ ಕರೆಯದೆ ಬಂದಿದ್ದಳು. ಹಾಡು ಒಮ್ಮೆಲೇ ನಿಂತಿತು.

"ಬಂದ್ಯಾ ಗೌರಾ? ಈಟ ಹೊತ್ತು ಮಾಡ್ದಿ" ಎಂದಳು ಚಿಕ್ಕಮ್ಮ.

"ಕರಿಲಾಕ ಬರ್ತಾರಂತ ಇವತ್ತ ಮುಂಜಾನಿ ತನಕ ಹಾದಿ ನೋಡ್ದೆ ಚಿಗವ್ವಾ. ಯಾರೂ ಬರ್ಲಿಲ್ಲ. ತಡೀಲಾಕ ಆಗ್ಲಿಲ್ಲ, ನಾನೇ ಎದ್ದು ಬಂದೆ."

ಎಲ್ಲರೂ ನನ್ನ ಕಡೆಗೆ ತಿರುಗಿದರು. ಆಗ ನನ್ನ ಬಾಯಿಂದ ಬಂದ ಮಾತನ್ನು ನಾನು ಮೊದಲೇ ಯೋಚಿಸಿ ಇಟ್ಟಿರಲಿಲ್ಲ, ದೇವರಾಣೆ; ಆದರೆ ಅದು ಯೋಚಿಸಿದ್ದಕ್ಕಿಂತ ಚೆನ್ನಾಗಿ ಬಂತು.

"ಎಂಟ ದಿನ ಆತು ಕಾರ್ಡ ಹಾಕಿ, ಅಕ್ಕಾ. ಈಗ ನಿಮ್ದು ಬ್ಯಾರೆ ರಾಜ್ಯ ಆಗೇದಲ್ಲ. ಟಪ್ಪಾಲ ಅಲ್ಲೇ ಎಲ್ಲೋ ಸರಹದ್ದಿನ್ಯಾಗ ಕುಂತಿರ್ಬೇಕು."

"ಖರೇ ಅದಾ ಯವ್ವಾ" ಎಂದಳು ಮೂಲೆಯಲ್ಲಿ ಕುಳಿತಿದ್ದ ಒಬ್ಬ ಮುದುಕಿ. "ನನ್ನ ಮಗಳ ಕಾಗದ ಸುದ್ದಾ ತಿಂಗಳಾತು, ಬಂದಿಲ್ಲ." ಆ ಮಗಳಿಗೆ ಬರೆಯಲು ಬರುತ್ತಿರಲಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು, ಆದರೂ ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು. ಹೊಸ ಗಡಿಯ ಮೇಲೆ ಯಾವ ದೂರು ಹೇಳಿದರೂ ಜನ ನಂಬುತ್ತಿದ್ದ ದಿನಗಳು ಅವು.

ಅಕ್ಕ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. "ಹಂಗ್ಯಾ? ಇರ್ಲಿ. ಏನ್ ಹೆಸರ ಇಟ್ರಿ?"

"ಸ್ನೇಹಲತಾ."

ಆಕೆಯ ತುಟಿ ಅಲುಗಿತು. ಹೆಸರು ಹೊರಗೆ ಬರಲಿಲ್ಲ. "ಛಲೋ ಅದಾ" ಎಂದಳು.

ಸರಸುವಿಗೆ ಪಾಪ ಕಸಿವಿಸಿಯಾಯಿತು. "ಅಕ್ಕಾ, ನೀ ಇನ್ನೊಮ್ಮೆ ಇಡು. ನನ್ನ ಬೆನ್ನಂತೂ ಮುರದದ, ನಿಂದೂ ಒಂದೀಟ ಮುರೀಲಿ."

ಹೆಂಗಸರು ನಕ್ಕರು. ಅಕ್ಕನೂ ನಕ್ಕಳು. "ತೊಟ್ಟಿಲದಾಗ ಒಮ್ಮೆ ಇಟ್ಟದ್ದು ಇಟ್ಟಂಗ. ಕೂಸಿನ ತಲಿ ಮ್ಯಾಲ ಎರಡ ಹೆಸರಿನ ತಂಟಿ ಬ್ಯಾಡ" ಎಂದು ಹೇಳಿ, ಗಂಟು ಬಿಚ್ಚಿ, ತಾನೇ ಹೊಲಿದ ಕೆಂಪು ಕುಲಾವಿಯನ್ನು ಕೂಸಿಗೆ ಹಾಕಿ, ಅದರ ಗದ್ದದ ಕೆಳಗೆ ದಾರ ಕಟ್ಟಿದಳು. ಆ ದಾರ ಕಟ್ಟಲು ಆಕೆ ಬಹಳ ಹೊತ್ತು ತೆಗೆದುಕೊಂಡಳು.

ಸುಳ್ಳು ನನ್ನ ಮನೆಯಲ್ಲೇ ನಿಲ್ಲಲಿಲ್ಲ. ಗಡಿಯಾಚೆಗೆ ಕಾಗದ ಹೋಗುವುದಿಲ್ಲವಂತೆ ಎಂದು ಊರೆಲ್ಲ ಹಬ್ಬಿತು. ಮಾಸ್ತರರ ಕಾರ್ಡೇ ಹೋಗಲಿಲ್ಲವೆಂದ ಮೇಲೆ ನಮ್ಮದು ಹೋಗುತ್ತದೆಯೇ ಎಂದು ಜನ ತಮ್ಮ ಕಾಗದಗಳನ್ನು ಇಮಾಮಚಾಚಾನ ಬಳೆಯ ಗಂಟಿನಲ್ಲಿ ಕಳಿಸತೊಡಗಿದರು. ಟಪ್ಪಾಲಿನವನು ಕಟ್ಟೆ ಕಟ್ಟೆಗೆ ನಿಂತು, ನನ್ನ ಹೊಟ್ಟೆ ಮೇಲೆ ಯಾಕೆ ಹೊಡೆಯುತ್ತೀರಿ ಎಂದು ಬೈದಾಡಿದ. ನಾನು ತರಗತಿಯಲ್ಲಿ ಮಕ್ಕಳಿಗೆ ಸತ್ಯವನ್ನೇ ಹೇಳಬೇಕು ಎಂದು ಶುದ್ಧಬರಹ ಬರೆಸುತ್ತಿದ್ದೆ.

ಇಷ್ಟೇ ಆಗಿದ್ದರೆ ಈಗ ನೆನೆದು ನಕ್ಕು ಬಿಡಬಹುದಾಗಿತ್ತು. ಕೂಸಿಗೆ ಆರು ತಿಂಗಳಾದಾಗ ಅಕ್ಕ ಮತ್ತೆ ಬಂದು ನಾಲ್ಕು ದಿನ ಇದ್ದು ಹೋದಳು. ಆಕೆ ಹೋದ ಮರುದಿನ ಪಾರ್ವತಿ ಕೂಸಿಗೆ ಎಣ್ಣೆ ತಿಕ್ಕುತ್ತ ನನ್ನ ಮುಖ ನೋಡದೆ ಹೇಳಿದಳು.

"ಅಕ್ಕಾಗ ಒಂದ ಹೆಣ್ಣ ಕೂಸ ಆಗಿ ಹೋಗಿತ್ತಲ್ಲ, ನೀವು ಉದಗೀರದಾಗ ಓದುಮುಂದ? ಒಂಬತ್ತ ದಿನಕ್ಕ ಹೋತಂತ. ಹೆಸರ ಇಡೋದಕಿನ ಮೊದಲೇ. ಆಯಿ ಆಗ ಜೀವಂತ ಇದ್ದಳಲ್ಲ, ಈ ಕೂಸಿಗಿ ನನ್ನ ಹೆಸರ ಇಡಸ್ರಿ ಅಂದಿದ್ದಳಂತ. ಆಮ್ಯಾಲ ಅಕ್ಕಾಗ ಮಕ್ಕಳೇ ಆಗ್ಲಿಲ್ಲ. ಆ ಹೆಸರ ಹಂಗೇ ಆಕಿ ಬಲ್ಲಿ ಉಳೀತು. ನಮ್ಮ ಕೂಸಿಗಿ ಇಡಬೇಕಂತ ಏಳ ವರ್ಷ ಕಾದಾಳ. ಆ ಹಾಳ ಟಪ್ಪಾಲ ಒಂದು ಮುಟ್ಟಿದ್ದರ…"

ನಾನು ಎದ್ದು ಹೊರಗೆ ಹೋದೆ.

ಆ ಕೂಸು ಹೋದಾಗ ನಾನು ಉದಗೀರದ ವಸತಿನಿಲಯದಲ್ಲಿದ್ದೆ. ಊರಿಗೆ ಬಂದಾಗ ಯಾರೋ ಹೇಳಿದರು, ನಾನು ಕೇಳಿದೆ, ಮರೆತೆ. ಹೆಸರಿಲ್ಲದೆ ಹೋದ ಮಗುವನ್ನು ಮರೆಯುವುದು ಎಷ್ಟು ಸುಲಭ ನೋಡಿ. ನೆನಪಿಗೆ ಹಿಡಿದುಕೊಳ್ಳಲು ಒಂದು ತುದಿಯೂ ಇರುವುದಿಲ್ಲ. ಹ್ಯಾಗಿತ್ತು, ಯಾರ ಹಾಗಿತ್ತು ಎಂದು ಮಾತಾಡಬೇಕಾದರೂ ಅದು, ಆ ಕೂಸು ಎನ್ನಬೇಕು. ಆದರೆ ತಾಯಿಯಾದವಳು ಆ ಹೆಸರನ್ನು ಬಾಯಲ್ಲಿ ಇಟ್ಟುಕೊಂಡೇ ಇದ್ದಳು. ಕೂಸು ಹೋದ ಮೇಲೆ ಆ ಹೆಸರನ್ನು ಆಕೆ ಎಲ್ಲಿ ಇಡಬೇಕಿತ್ತು? ಹೆಸರನ್ನು ಆರಿಸುವಾಗ ನಾವು ಅರ್ಥ ನೋಡುತ್ತೇವೆ, ಇಂಪು ನೋಡುತ್ತೇವೆ, ಮಂದಿ ನಗುತ್ತಾರೋ ಇಲ್ಲವೋ ನೋಡುತ್ತೇವೆ. ಅದು ನಮ್ಮ ಮನೆಗೆ ಬರುವ ಮೊದಲು ಯಾರ ಮಡಿಲಲ್ಲಿ ಎಷ್ಟು ವರ್ಷ ಕಾದಿತ್ತು ಎಂದು ಕೇಳುವುದು ನಮಗೆ ಹೊಳೆಯುವುದೇ ಇಲ್ಲ. ಹಳೆಯ ಹೆಸರು ಹುಡುಕುವ ಹುಡುಗಿಯರಿಗೆ ನಾನು ಕಲಿಸಬಲ್ಲದ್ದು ಏನಾದರೂ ಇದ್ದರೆ ಇದೊಂದೇ.

ಅಂದೇ ಹೋಗಿ ಅಕ್ಕನ ಕಾಲು ಹಿಡಿಯಬೇಕಿತ್ತು. ಹೋಗಲಿಲ್ಲ. ಮೂರು ವರ್ಷ ಹೋಗಲಿಲ್ಲ. ಅಕ್ಕನೇ ಬರುತ್ತಿದ್ದಳು, ಪಂಚಮಿಗೆ ಬರುತ್ತಿದ್ದಳು, ದೀಪಾವಳಿಗೆ ಬರುತ್ತಿದ್ದಳು, ಮಗಳಿಗೆ ಜೋಳದ ಅರಳು ಬೀಸಿದ ಅಳ್ಳಿಟ್ಟು ತರುತ್ತಿದ್ದಳು, ಹೆಗಲ ಮೇಲೆ ಹೊತ್ತು ಓಣಿ ತಿರುಗುತ್ತಿದ್ದಳು. ಆದರೆ ಒಂದು ಸಲವೂ ಹೆಸರು ಹಿಡಿದು ಕರೆಯಲಿಲ್ಲ. ಕೂಸೇ, ಚಿನ್ನಾ, ನನ್ನವ್ವಾ. ಬೇರೆ ಯಾರೂ ಇದನ್ನು ಗಮನಿಸಿರಲಿಲ್ಲ. ನಾನು ಲೆಕ್ಕವಿಲ್ಲದಷ್ಟು ಸಲ ಗಮನಿಸಿದ್ದೆ.

ಮುಂಬಯಿ ರಾಜ್ಯವೂ ಒಡೆದು ಮಹಾರಾಷ್ಟ್ರವಾಗುತ್ತದೆ ಎಂಬ ಸುದ್ದಿ ಕಟ್ಟೆಯ ಮೇಲೆ ಆಡುತ್ತಿದ್ದ ಚಳಿಗಾಲದಲ್ಲಿ, ಎಳ್ಳಮಾಸಿಗೆ ಅಕ್ಕ ನಮ್ಮನ್ನು ತನ್ನ ಹೊಲಕ್ಕೆ ಕರೆದಳು. ಎಳ್ಳಮಾಸಿ ಎಂದರೆ ನಮ್ಮ ಸೀಮೆಯಲ್ಲಿ ಊರೆಲ್ಲ ಖಾಲಿಯಾಗಿ ಹೊಲಗಳೆಲ್ಲ ತುಂಬುವ ದಿನ. ಆಳೆತ್ತರದ ಜೋಳದ ನಡುವೆ ಕಣಿಕೆಯ, ಅಂದರೆ ಒಣಗಿದ ಜೋಳದ ದಂಟಿನ, ಕೊಂಪೆ ಹಾಕಿ, ಒಳಗೆ ಐದು ಕಲ್ಲುಗಳಿಗೆ ಸುಣ್ಣ ಬಳಿದು ಪೂಜೆ ಮಾಡಿ, ಕಾಳು, ಪಲ್ಲೆ ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಮಡಕೆಯ ತುಂಬ ತಣ್ಣನೆಯ ಅಂಬಲಿ ಇಟ್ಟು ಹೋಗುವವರನ್ನು ಬರುವವರನ್ನು ಕೂಗಿ ಕರೆದು ಉಣ್ಣಿಸುತ್ತಾರೆ. ಹುಡುಗರಿಗೆ ಅಂದು ಯಾವ ಬೇಲಿಯೂ ಇಲ್ಲ. ನನ್ನ ಮಗಳು ಬೆಳಿಗ್ಗೆಯಿಂದ ಜೋಳದ ಸಾಲುಗಳಲ್ಲಿ ಓಡಿ ಓಡಿ ಮುಖವೆಲ್ಲ ಕೆಂಪಾಗಿ ಬಂದು ಅಕ್ಕನ ಮುಂದೆ ಕುಕ್ಕರಿಸಿದಳು.

"ಸೋದರತ್ತಿ, ಎಲ್ಲಾರೂ ನನ್ನ ಹೆಸರ ಹಿಡದ ಕರಿತಾರ. ನೀ ಯಾಕ ಕರಿಯಲ್ಲ? ನಿನಗ ಬರಲ್ಲೇನು?"

"ನನ್ನ ನಾಲಿಗಿಗಿ ಹೊಳ್ಳಲ್ಲವ್ವಾ ಅದು."

ಮಾಸ್ತರನ ಮಗಳಲ್ಲವೇ, ಬೆರಳೆತ್ತಿ ಕಲಿಸತೊಡಗಿದಳು. "ನಾ ಹೇಳಿದಂಗ ಹೇಳು. ಸ್ನೇ ಅನ್ನು."

ಅಕ್ಕ ಸ್ನೇ ಎಂದಳು. ಮುಂದಕ್ಕೆ ಬರಲಿಲ್ಲ. ಅಂಬಲಿಯ ಸೌಟನ್ನು ಕೆಳಗಿಟ್ಟು, ನೀರು ತರುತ್ತೇನೆಂದು ಕೊಡ ಎತ್ತಿಕೊಂಡು ಬಾವಿಯ ಕಡೆಗೆ ನಡೆದಳು. ಕೊಂಪೆಯೊಳಗೆ ಎರಡು ಕೊಡ ತುಂಬಿದ ನೀರಿತ್ತು.

ನಾನು ಹಿಂದೆಯೇ ಹೋದೆ. ಬಾವಿಯ ಹಗ್ಗಕ್ಕೆ ಆಕೆ ಕೊಡ ಕಟ್ಟುತ್ತಿದ್ದಳು.

"ಅಕ್ಕಾ, ಆವತ್ತ ನಾ ಕಾರ್ಡ ಹಾಕಿದ್ದಿಲ್ಲ. ಬರದು ಒಲ್ಯಾಗ ಹಾಕ್ದೆ."

ಆಕೆ ಕೊಡವನ್ನು ಬಾವಿಗೆ ಇಳಿಸಿದಳು. "ಗೊತ್ತದ" ಎಂದಳು.

"ಏನ್ ಗೊತ್ತದ?"

"ಒಲ್ಯಾಗ ಹಾಕಿದ್ದು ಗೊತ್ತಿದ್ದಿಲ್ಲ. ಹಾಕಿಲ್ಲ ಅನ್ನೋದು ಗೊತ್ತಿತ್ತು. ಆ ಎಂಟ ದಿನದಾಗ ಟಪ್ಪಾಲಿನಾಂವ ನಮ್ಮ ಊರಿಗಿ ಮೂರ ಸಲ ಬಂದಾನ ತಮ್ಮಾ. ಒಂದ ಕಾರ್ಡ ನಿಮ್ಮ ನಿಲಂಗಾದ್ದೇ ಇತ್ತು, ನನ್ನ ಮೈದುನಗ. ಅದನ್ನ ಇಸ್ಕೊಂಡಾಕಿ ನಾನೇ. ನಿಂದೂ ಒಂದು ಇರ್ಬೇಕು ಅಂತ ಅವನ ಚೀಲ ಪೂರಾ ಬಿಚ್ಚಿಸಿ ನೋಡ್ಸೀನಿ."

"ಮತ್ತ ಆವತ್ತ ಎಲ್ಲಾರ ಮುಂದ ಯಾಕ ಸುಮ್ನ ಉಳ್ದಿ?"

"ಅಷ್ಟ ಮಂದ್ಯಾಗ ನೀ ಸುಳ್ಳ ಹೇಳ್ತೀದಿ ಅಂದಿದ್ರ, ನೀ ಮತ್ತ ನನ್ನ ಮಾರಿ ನೋಡ್ತಿದ್ದೇನು? ಅವ್ವ ಇಲ್ಲ, ಅಪ್ಪ ಇಲ್ಲ, ಆಯಿ ಇಲ್ಲ. ನನಗ ತವರ ಅಂದ್ರ ನಿನ್ನ ಮನಿ ಒಂದೇ. ಹೆಸರ ಹೋದ್ರ ಹೋಗ್ಲಿ, ಮನಿ ಇರ್ಲಿ ಅಂದೆ."

ಹಗ್ಗ ಎಳೆಯುತ್ತ ಕೇಳಿದಳು. "ಆಯಿ ಹೆಸರಿಗಿ ನಾಚಿದ್ಯಾ?"

"ಹೂಂ."

"ನೀ ಉದಗೀರಕ ಹೋದಾಗ ಆಕಿ ದಿನಾ ಸಂಜೀಕ ಬಾಗಿಲದಾಗ ಕುಂದರ್ತಿದ್ದಳು. ನೀ ಬರಂಗಿಲ್ಲ ಅಂತ ಗೊತ್ತಿದ್ದೂ ಕುಂದರ್ತಿದ್ದಳು." ಅಷ್ಟೇ ಹೇಳಿದಳು. ಬಯ್ಯಲಿಲ್ಲ. ಬಯ್ದಿದ್ದರೆ ನನ್ನ ಭಾರ ಸ್ವಲ್ಪ ಇಳಿಯುತ್ತಿತ್ತು. ಅದು ಆಕೆಗೂ ಗೊತ್ತಿತ್ತೋ ಏನೋ.

ಅಳು ಬಂತು. ಅಳುತ್ತಲೇ ಹೇಳಿದೆ, "ಈಗರ ಇಡು ಅಕ್ಕಾ. ಕೂಸಿಗಿ ಆ ಹೆಸರ ಇಡು. ನಾ ಎಲ್ಲಾರ ಮುಂದ ಹೇಳ್ತೀನಿ, ನಂದೇ ತಪ್ಪು ಅಂತ."

"ನೀ ಕೊಡ್ಲಾಕ, ನಾ ಇಡ್ಲಾಕ ಆಕಿ ಈಗ ತೊಟ್ಟಿಲದಾಗ ಇಲ್ಲೋ ಮಾರಾಯಾ. ಮೂರ ವರ್ಷದ ಮನಶಾಳು. ಆಕಿನ್ನೇ ಕೇಳಬೇಕು" ಎಂದು ತುಂಬಿದ ಕೊಡವನ್ನು ನನ್ನ ತಲೆಯ ಮೇಲೆ ಹೊರಿಸಿ ಮುಂದೆ ನಡೆದಳು.

ಕೊಂಪೆಯ ಮುಂದೆ ಪಾರ್ವತಿ, ಭಾವ, ನೆರೆಹೊಲದ ಮಂದಿ ಎಲ್ಲ ಕೂತಿದ್ದರು. ಕೊಡ ಇಳಿಸಿದವನೇ ಹೇಳಿಬಿಟ್ಟೆ, ಕಾರ್ಡು, ಒಲೆ, ಸರಹದ್ದಿನ ಸುಳ್ಳು, ಎಲ್ಲ. ಮಾತು ಮುಗಿದಾಗ ಯಾರೂ ನನ್ನ ಕಡೆಗೆ ನೋಡಲಿಲ್ಲ. ಪಾರ್ವತಿ ಮಾತ್ರ ನೋಡಿದಳು. "ಮೂರ ವರ್ಷ ಆ ಟಪ್ಪಾಲಿನಾಂವಗ ನೀರ ಸುದ್ದಾ ಕೇಳಿಲ್ಲರೀ ನಾ" ಎಂದಳು. ಆ ಮಾತಿಗೆ ಭಾವನಿಗೆ ನಗು ತಡೆಯಲಾಗಲಿಲ್ಲ. ಅವನು ನಕ್ಕ ಮೇಲೆ ಉಳಿದವರೂ ನಕ್ಕರು. ಆದರೆ ಪಾರ್ವತಿ ನಗಲಿಲ್ಲ, ಎಂಟು ದಿನ ನನ್ನ ಸಂಗಡ ಮಾತನ್ನೂ ಆಡಲಿಲ್ಲ.

ಅಕ್ಕ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡಳು. "ನಿಮ್ಮಪ್ಪಗ ಸಾಕಿದ ಒಬ್ಬಾಕಿ ಆಯಿ ಇದ್ದಳು. ಒಂದ ಸಲ ಹೊಳಿ ಬಂದಿತ್ತು. ಆಚಿ ದಂಡ್ಯಾಗ ಹೊಲದಾಗ ಮಂದಿ ಉಪಾಸ ಕುಂತಿದ್ದರು. ಆಯಿ ಏನ ಮಾಡ್ದಳು ಗೊತ್ತದೇನು? ಎಮ್ಮಿ ಬಾಲ ಹಿಡದು ಹೊಳಿ ದಾಟಿದಳು. ತಲಿ ಮ್ಯಾಲ ರೊಟ್ಟಿ ಗಂಟು."

ಮಗಳ ಕಣ್ಣು ಅಗಲವಾದವು. "ಎಮ್ಮಿ ಬಾಲ ಹಿಡದಾ?"

"ಹೂಂ."

"ರೊಟ್ಟಿ ತೊಯ್ಲಿಲ್ಲಾ?"

"ಒಂದೂ ತೊಯ್ಲಿಲ್ಲ."

"ಆಕಿ ಹೆಸರ ಏನು?"

ಅಕ್ಕ ನನ್ನ ಕಡೆಗೆ ಒಮ್ಮೆ ನೋಡಿದಳು. ಆಮೇಲೆ ಹೇಳಿದಳು, "ನಿಂಬೆಮ್ಮ."

ಮಗಳು ಒಂದು ಗಳಿಗೆಯೂ ಯೋಚಿಸಲಿಲ್ಲ. "ನನಗ ಅದೇ ಬೇಕು" ಎಂದವಳೇ ತೊಡೆಯಿಂದ ಜಿಗಿದು, ನಾ ನಿಂಬೆಮ್ಮ, ನಾ ನಿಂಬೆಮ್ಮ ಎಂದು ಕೂಗುತ್ತ ಜೋಳದೊಳಗೆ ಓಡಿಹೋದಳು. ತೆನೆಗಳು ಅಲುಗುವುದರಿಂದಲೇ ಆಕೆ ಎಲ್ಲಿದ್ದಾಳೆಂದು ತಿಳಿಯುತ್ತಿತ್ತು. ಸೈಕಲ್ ಹೊಡೆಯುವ ಸ್ನೇಹಲತಾ ಎಮ್ಮೆಯ ಬಾಲದ ಮುಂದೆ ಇಷ್ಟು ಬೇಗ ಸೋಲುತ್ತಾಳೆಂದು ನಾನು ಎಣಿಸಿರಲಿಲ್ಲ. ಮುಂದೆ ಶಾಲೆಗೆ ಸೇರಿಸುವಾಗ ಹೆಡ್ಮಾಸ್ತರರು ಕೇಳಿದರು, ಆಕೆ ಗಟ್ಟಿಯಾಗಿ ಹೇಳಿದಳು, ನಾನು ನನ್ನ ಕೈಯಿಂದಲೇ ಹಾಜರಿ ಪುಸ್ತಕದಲ್ಲಿ ಅದನ್ನು ಬರೆದೆ. ಹುಡುಗರು ಉಪ್ಪಿನಕಾಯಿ ಎಂದರು. ಆಕೆ ಎಮ್ಮೆಯ ಕಥೆ ಹೇಳಿ ಅವರ ಬಾಯಿ ಮುಚ್ಚಿಸಿದಳು. ಅದೆಲ್ಲ ಆಮೇಲಿನ ಮಾತು.

ಆ ಹೊತ್ತು ಹೊಲದಲ್ಲಿ ಊಟಕ್ಕೆ ಎಲೆ ಹಾಕಿಯಾಗಿತ್ತು. ಮಗಳು ಎಲ್ಲೂ ಕಾಣುತ್ತಿರಲಿಲ್ಲ. "ಕೂಸಿಗಿ ಕರಿ" ಎಂದಳು ಪಾರ್ವತಿ, ನನ್ನ ಕಡೆಗೆ ಅಲ್ಲ, ಅಕ್ಕನ ಕಡೆಗೆ ತಿರುಗಿ. ಅಕ್ಕ ಎದ್ದು ಹೊಲದ ಬದುವಿನ ಮೇಲೆ ನಿಂತಳು. ಸೆರಗನ್ನು ಸರಿಮಾಡಿಕೊಂಡಳು. ಎರಡೂ ಕೈಗಳನ್ನು ಬಾಯಿಯ ಪಕ್ಕಕ್ಕೆ ಹಿಡಿದು ಜೋಳದ ಕಡೆಗೆ ಕರೆದಳು.

"ನಿಂಬೆಮ್ಮಾ."

ದೂರದಿಂದ, ಹೊಲದ ಆ ತುದಿಯಿಂದ, ಓ ಎಂದು ದನಿ ಬಂತು. ತೆನೆಗಳು ಅಲುಗುತ್ತ ನಮ್ಮ ಕಡೆಗೆ ಬರತೊಡಗಿದವು. ಹುಡುಗಿಗೆ ಕೇಳಿಸಿತ್ತು, ಬರುತ್ತಲೂ ಇದ್ದಳು. ಆದರೂ ಅಕ್ಕ ಬದುವಿನ ಮೇಲಿಂದ ಇಳಿಯದೆ ಇನ್ನೊಮ್ಮೆ ಕರೆದಳು.